ಕಚೇರಿಯ ಹಂಚಿಕೆ ಪ್ರಿಂಟರ್ ಮುಷ್ಕರ ಹೂಡಿದಾಗ: ದೋಷ ಪತ್ತೆಯ ಕ್ರಮ

ಮಚ್ಛೆ (ಬೆಳಗಾವಿ): ಬೆಳಗಾವಿಯಿಂದ ಖಾನಾಪುರದತ್ತ ಸಾಗುವ ಹೆದ್ದಾರಿಯಲ್ಲಿ ಪೀರನವಾಡಿ ದಾಟಿದ ಮೇಲೆ ಸಿಗುವ ಮಚ್ಛೆಗೆ ಎರಡು ಗುರುತುಗಳಿವೆ. ಒಂದು, 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ‘ಜ್ಞಾನ ಸಂಗಮ’. ಇನ್ನೊಂದು, ಎರಕದ ಘಟಕಗಳು ಹಾಗೂ ಯಂತ್ರಗಳ ಬಿಡಿಭಾಗ ತಯಾರಿಸುವ ಶೆಡ್‌ಗಳಿರುವ ಕೈಗಾರಿಕಾ ಪ್ರದೇಶ. ವಿಶ್ವವಿದ್ಯಾಲಯದ ವಿಭಾಗವಿರಲಿ, ಸಣ್ಣ ಕಾರ್ಖಾನೆಯ ಲೆಕ್ಕಪತ್ರ ಕೊಠಡಿಯಿರಲಿ, ಹಲವು ಗಣಕಯಂತ್ರಗಳಿಗೆ ಒಂದೇ ಪ್ರಿಂಟರ್ ಎಂಬುದು ಎಲ್ಲೆಡೆ ಕಾಣುವ ವ್ಯವಸ್ಥೆ. ಖರ್ಚು ಉಳಿಯುತ್ತದೆ, ಜಾಗ ಉಳಿಯುತ್ತದೆ. ಆದರೆ ಆ ಒಂದು ಪ್ರಿಂಟರ್ ಕೈಕೊಟ್ಟರೆ ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ.

ಇಂತಹ ಸಂದರ್ಭಗಳಲ್ಲಿ ಬಹುತೇಕ ದೋಷ ಪ್ರಿಂಟರ್‌ನಲ್ಲಿ ಇರುವುದೇ ಇಲ್ಲ. ಗಣಕಯಂತ್ರದಿಂದ ಕಾಗದದವರೆಗಿನ ಸರಪಳಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ. ಅದನ್ನು ಕ್ರಮವಾಗಿ ಹುಡುಕಿದರೆ ಹೆಚ್ಚಿನ ದೋಷಗಳನ್ನು ಕಚೇರಿಯ ಸಿಬ್ಬಂದಿಯೇ ಸರಿಪಡಿಸಬಹುದು. ಕ್ರಮವಿಲ್ಲದೆ ಪ್ರಿಂಟರನ್ನು ಗಣಕಯಂತ್ರದಿಂದ ಅಳಿಸಿ ಮತ್ತೆ ಸೇರಿಸಲು ಹೊರಟರೆ ಸಣ್ಣ ದೋಷ ದೊಡ್ಡದಾಗುತ್ತದೆ.

ಕಾಗದ ನಿಂತರೆ ಲಾರಿಯೂ ನಿಲ್ಲುತ್ತದೆ

ಕೈಗಾರಿಕಾ ಪ್ರದೇಶದಲ್ಲಿ ಮುದ್ರಣವೆಂದರೆ ಸರಕು ಸಾಗಣೆಯ ದಾಖಲೆ. ಜಿಎಸ್‌ಟಿ ನಿಯಮದ ಪ್ರಕಾರ ಸರಕಿನ ಬಿಲ್ ಮೂರು ಪ್ರತಿಗಳಲ್ಲಿರಬೇಕು. ಮೊದಲನೆಯದು ಕೊಳ್ಳುವವರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಮಾರುವವರಿಗೆ. ಜಾಬ್‌ವರ್ಕ್‌ಗೆ ಹೋಗುವ ಸರಕಿನ ಡೆಲಿವರಿ ಚಲನ್‌ಗೂ ಮೂರು ಪ್ರತಿಗಳು ಬೇಕು. ಸಾಮಾನ್ಯವಾಗಿ 50 ಸಾವಿರ ರೂಪಾಯಿ ಮೌಲ್ಯ ಮೀರಿದ ಸರಕಿಗೆ ಇ-ವೇ ಬಿಲ್ ಕಡ್ಡಾಯ. ಅದರ ಅವಧಿ 2021ರ ಜನವರಿ 1ರಿಂದ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರ್‌ಗೆ ಒಂದು ದಿನ. ವಾಹನದ ವಿವರ ತುಂಬಿದ ಮೇಲೆ ಪ್ರಿಂಟರ್ ಮುಂದೆ ಕಾದು ಕುಳಿತರೆ ಈ ಅವಧಿಯೇ ಕರಗುತ್ತದೆ.

ಇಲ್ಲೊಂದು ಸಮಾಧಾನದ ಸಂಗತಿಯಿದೆ. ಇ-ವೇ ಬಿಲ್‌ನ ಮುದ್ರಿತ ಪ್ರತಿ ಇಲ್ಲದಿದ್ದರೂ ಚಾಲಕನ ಬಳಿ ಅದರ ಸಂಖ್ಯೆ ಇದ್ದರೆ ಸಾಕು. ಇ-ಇನ್‌ವಾಯ್ಸ್ ವ್ಯವಸ್ಥೆಯಡಿ ಸಿದ್ಧವಾದ ಬಿಲ್ ಆದರೆ, ಕ್ಯೂಆರ್ ಸಂಕೇತವನ್ನು ಮೊಬೈಲ್‌ನಲ್ಲಿ ತೋರಿಸಿದರೂ ನಡೆಯುತ್ತದೆ ಎಂದು 2021ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಸುತ್ತೋಲೆ ಸ್ಪಷ್ಟಪಡಿಸಿದೆ. ಆದರೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದು ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ. ಅದಕ್ಕಿಂತ ಚಿಕ್ಕ ಘಟಕಗಳಿಗೆ ಈ ವಿನಾಯಿತಿಯ ಆಸರೆ ಇಲ್ಲ. ಬಿಲ್ ಕಾಗದದ ಮೇಲೆ ಬರಲೇಬೇಕು. ಆದ್ದರಿಂದ ಪ್ರಿಂಟರ್ ಕೆಟ್ಟಾಗ ಮೊದಲು ಮಾಡಬೇಕಾದದ್ದು, ಬಿಲ್ಲನ್ನು ಪಿಡಿಎಫ್ ಕಡತವಾಗಿ ಉಳಿಸಿ ಬೇರೊಂದು ಪ್ರಿಂಟರ್‌ನಲ್ಲಿ ಮುದ್ರಿಸಿಕೊಳ್ಳುವುದು. ಲಾರಿಯನ್ನು ಕಳುಹಿಸಿದ ಮೇಲೆ ದೋಷ ಹುಡುಕುವುದು ಜಾಣತನ.

ಹಂಚಿಕೆಯ ಎರಡು ವಿಧ

ಹಂಚಿಕೆಯ ಪ್ರಿಂಟರ್‌ಗಳಲ್ಲಿ ಎರಡು ಬಗೆ. ಮೊದಲ ಬಗೆಯಲ್ಲಿ ಪ್ರಿಂಟರ್ ಯುಎಸ್‌ಬಿ ತಂತಿಯ ಮೂಲಕ ಒಂದು ಗಣಕಯಂತ್ರಕ್ಕೆ ಜೋಡಣೆಯಾಗಿರುತ್ತದೆ. ಆ ಗಣಕಯಂತ್ರ ಅದನ್ನು ಉಳಿದವರಿಗೆ ಹಂಚುತ್ತದೆ. ಇದನ್ನು ಆತಿಥೇಯ ಗಣಕಯಂತ್ರ ಎನ್ನೋಣ. ಅದು ಸ್ಥಗಿತಗೊಂಡರೆ, ನಿದ್ರಾವಸ್ಥೆಗೆ ಜಾರಿದರೆ ಅಥವಾ ಅದರ ಹೆಸರು ಬದಲಾದರೆ ಉಳಿದ ಯಾರಿಗೂ ಮುದ್ರಣ ಸಿಗದು.

ಎರಡನೆಯ ಬಗೆಯಲ್ಲಿ ಪ್ರಿಂಟರ್‌ಗೆ ತನ್ನದೇ ಲ್ಯಾನ್ ಅಥವಾ ವೈ-ಫೈ ಸಂಪರ್ಕವಿದ್ದು, ಜಾಲದಲ್ಲಿ ಅದಕ್ಕೆ ತನ್ನದೇ ಐಪಿ ವಿಳಾಸ ಇರುತ್ತದೆ. ಪ್ರತಿ ಗಣಕಯಂತ್ರವೂ ಅದರೊಂದಿಗೆ ನೇರವಾಗಿ ವ್ಯವಹರಿಸುತ್ತದೆ. ಲ್ಯಾನ್ ಕಿಂಡಿ ಇರುವ ಪ್ರಿಂಟರನ್ನೂ ಯುಎಸ್‌ಬಿ ತಂತಿಯಲ್ಲೇ ಬಳಸುವ ಕಚೇರಿಗಳಿವೆ. ನೇರ ಜೋಡಣೆಗೆ ಬದಲಾದರೆ ಇಲ್ಲಿ ಹೇಳಿರುವ ಅರ್ಧದಷ್ಟು ತೊಂದರೆಗಳು ತಾವಾಗಿಯೇ ಇಲ್ಲವಾಗುತ್ತವೆ.

ಮೊದಲ ಪ್ರಶ್ನೆ: ಯಾರಿಗೆ ಮುದ್ರಣವಾಗುತ್ತಿಲ್ಲ?

ಯಾವುದೇ ಗುಂಡಿ ಒತ್ತುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು.

1. ಒಬ್ಬರಿಗೆ ಮಾತ್ರ ಆಗುತ್ತಿಲ್ಲವಾದರೆ ದೋಷ ಆ ಗಣಕಯಂತ್ರದಲ್ಲಿದೆ. ಪ್ರಿಂಟರನ್ನು ಮುಟ್ಟಬೇಕಿಲ್ಲ.

2. ಆತಿಥೇಯ ಗಣಕಯಂತ್ರದಲ್ಲಿ ಆಗುತ್ತಿದ್ದು ಉಳಿದ ಯಾರಿಗೂ ಆಗದಿದ್ದರೆ ದೋಷ ಹಂಚಿಕೆಯಲ್ಲಿ, ಅನುಮತಿಯಲ್ಲಿ ಅಥವಾ ಜಾಲದಲ್ಲಿದೆ.

3. ಯಾರಿಗೂ ಆಗದಿದ್ದರೆ ಪ್ರಿಂಟರ್, ಅದರ ತಂತಿ, ಐಪಿ ವಿಳಾಸ ಅಥವಾ ಆತಿಥೇಯ ಗಣಕಯಂತ್ರದ ಮುದ್ರಣ ಸರದಿಯಲ್ಲಿ ದೋಷವಿದೆ.

4. ಒಂದು ತಂತ್ರಾಂಶದಿಂದ ಮಾತ್ರ ಆಗದಿದ್ದರೆ ಆ ತಂತ್ರಾಂಶದಲ್ಲಿ ಆಯ್ಕೆಯಾಗಿರುವ ಪ್ರಿಂಟರ್‌ನ ಹೆಸರು ಮತ್ತು ಕಾಗದದ ಅಳತೆಯನ್ನು ನೋಡಬೇಕು. ನೋಟ್‌ಪ್ಯಾಡ್‌ನಿಂದ ಒಂದು ಸಾಲು ಮುದ್ರಿಸಿ ನೋಡಿದರೆ ಇದು ಖಚಿತವಾಗುತ್ತದೆ.

ಯಂತ್ರದ ಬಳಿ ನೋಡಬೇಕಾದದ್ದು

ಪ್ರಿಂಟರ್‌ಗಳಲ್ಲಿ ಗಣಕಯಂತ್ರದ ನೆರವಿಲ್ಲದೆಯೇ ಪರೀಕ್ಷಾ ಪುಟ ಮುದ್ರಿಸುವ ಸೌಲಭ್ಯವಿರುತ್ತದೆ. ಈ ಪುಟ ಸರಿಯಾಗಿ ಬಂದರೆ ಯಂತ್ರ ಆರೋಗ್ಯವಾಗಿದೆ ಎಂದರ್ಥ. ನೆಟ್‌ವರ್ಕ್ ಪ್ರಿಂಟರ್ ಆದರೆ ಸಂರಚನಾ ಪುಟದಲ್ಲಿ ಐಪಿ ವಿಳಾಸವೂ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಬೇಕು.

ಪುಟ ಬರದಿದ್ದರೆ ಕಾಗದ, ಟೋನರ್, ಮುಚ್ಚಳ ಮತ್ತು ಒಳಗೆ ಸಿಕ್ಕಿಕೊಂಡ ಹಾಳೆಯ ಚೂರನ್ನು ಪರಿಶೀಲಿಸಬೇಕು. ಸಹ್ಯಾದ್ರಿಯ ಮಗ್ಗುಲಲ್ಲಿರುವ ಖಾನಾಪುರ ಮತ್ತು ಬೆಳಗಾವಿ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವಾಂಶ ಹೆಚ್ಚು. ಬಿಚ್ಚಿಟ್ಟ ಕಾಗದ ತೇವ ಹೀರಿ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ. ಲೇಸರ್ ಪ್ರಿಂಟರ್‌ನ ಶಾಖಕ್ಕೆ ಸಿಕ್ಕಿ ಸುರುಳಿಯಾಗುತ್ತದೆ, ಅಚ್ಚು ಮಸುಕಾಗುತ್ತದೆ. ಅಂದಿಗೆ ಬೇಕಾದಷ್ಟನ್ನೇ ಟ್ರೇಗೆ ಹಾಕಿ, ಉಳಿದದ್ದನ್ನು ಹೊದಿಕೆಯಲ್ಲೇ ಮುಚ್ಚಿಡುವುದು ಇದಕ್ಕೆ ಪರಿಹಾರ. ಎರಕದ ಘಟಕಗಳಲ್ಲಿ ಮರಳು ಮತ್ತು ಲೋಹದ ಧೂಳು ಕಾಗದ ಎಳೆಯುವ ರಬ್ಬರ್ ಉರುಳೆಯ ಮೇಲೆ ಕೂರುತ್ತದೆ. ಆಗ ಹಾಳೆ ಜಾರುತ್ತದೆ. ವಿದ್ಯುತ್ ಸಂಪರ್ಕ ತೆಗೆದು, ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಉರುಳೆಯನ್ನು ಒರೆಸಬೇಕು.

‘ಆಫ್‌ಲೈನ್’ ಎಂಬ ಸುಳ್ಳು

ಪ್ರಿಂಟರ್ ಚಾಲನೆಯಲ್ಲಿದ್ದರೂ ಪರದೆಯ ಮೇಲೆ ‘ಆಫ್‌ಲೈನ್’ ಎಂದು ಕಾಣುವುದು ಬಹಳ ಸಾಮಾನ್ಯವಾದ ದೂರು. ಇದಕ್ಕೆ ಮುಖ್ಯ ಕಾರಣ ಐಪಿ ವಿಳಾಸದ ಬದಲಾವಣೆ. ರೌಟರ್ ತನ್ನ ಜಾಲಕ್ಕೆ ಸೇರಿದ ಸಾಧನಗಳಿಗೆ ವಿಳಾಸವನ್ನು ಹಂಚುತ್ತದೆ. ವಿದ್ಯುತ್ ಹೋಗಿ ಬಂದಾಗ ಎಲ್ಲ ಸಾಧನಗಳೂ ಒಟ್ಟಿಗೆ ಎದ್ದು ವಿಳಾಸ ಕೇಳುತ್ತವೆ. ನಿನ್ನೆ 192.168.1.20 ಆಗಿದ್ದ ಪ್ರಿಂಟರ್ ಇಂದು 192.168.1.27 ಆಗಿರಬಹುದು. ಗಣಕಯಂತ್ರಗಳು ಮಾತ್ರ ಹಳೆಯ ವಿಳಾಸಕ್ಕೇ ಕಡತ ಕಳುಹಿಸುತ್ತಿರುತ್ತವೆ.

ಪರೀಕ್ಷಿಸುವುದು ಸುಲಭ. ಗಣಕಯಂತ್ರದ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಪಿಂಗ್’ ಆಜ್ಞೆಯ ಮುಂದೆ ಸಂರಚನಾ ಪುಟದಲ್ಲಿರುವ ವಿಳಾಸವನ್ನು ಬರೆಯಬೇಕು. ಉತ್ತರ ಬಂದರೆ ದಾರಿ ತೆರೆದಿದೆ. ಆಗ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ವಿಭಾಗದಲ್ಲಿರುವ ವಿಳಾಸದೊಂದಿಗೆ ಅದನ್ನು ಹೋಲಿಸಿ ನೋಡಬೇಕು. ಪ್ರಿಂಟರ್‌ನ ವಿಳಾಸ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ರೌಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ತಂತಿ ಅಥವಾ ಸ್ವಿಚ್‌ನ ಕಿಂಡಿಯನ್ನು ನೋಡಬೇಕು. ಒಮ್ಮೆ ಮುದ್ರಣವಾಗಿ ಇನ್ನೊಮ್ಮೆ ಆಗದಿದ್ದರೆ ಅದೇ ವಿಳಾಸ ಬೇರೆ ಸಾಧನಕ್ಕೂ ಇರುವ ಸಾಧ್ಯತೆ ಇದೆ.

ಶಾಶ್ವತ ಪರಿಹಾರವೆಂದರೆ, ಪ್ರಿಂಟರ್‌ನ ಮ್ಯಾಕ್ ವಿಳಾಸವನ್ನು ರೌಟರ್‌ನಲ್ಲಿ ನಮೂದಿಸಿ ಒಂದೇ ಐಪಿ ವಿಳಾಸವನ್ನು ಕಾಯ್ದಿರಿಸುವುದು. ವಿಂಡೋಸ್ ತಾನಾಗಿ ಸೇರಿಸಿಕೊಂಡ ಪ್ರಿಂಟರ್‌ಗಳಲ್ಲಿ ‘ಡಬ್ಲ್ಯುಎಸ್‌ಡಿ’ ಎಂಬ ಪೋರ್ಟ್ ಇರುವುದುಂಟು. ಅದು ಆಗಾಗ ಸಂಪರ್ಕ ಕಳೆದುಕೊಳ್ಳುತ್ತಿದ್ದರೆ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ’ ಪೋರ್ಟ್‌ಗೆ ಬದಲಾಯಿಸುವುದು ಒಳ್ಳೆಯದು. ಆನಂತರವೂ ಸುಳ್ಳು ಆಫ್‌ಲೈನ್ ಕಂಡರೆ, ಅದೇ ಪೋರ್ಟ್‌ನ ಸಂರಚನೆಯಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಎಂಬುದರ ಗುರುತನ್ನು ತೆಗೆದು ನೋಡಬಹುದು.

ವಿದ್ಯುತ್ ಬಂದ ಮೇಲೆ ಸಾಧನಗಳನ್ನು ಚಾಲೂ ಮಾಡುವುದಕ್ಕೂ ಒಂದು ಕ್ರಮವಿದೆ: ಮೊದಲು ರೌಟರ್ ಮತ್ತು ಸ್ವಿಚ್, ಬಳಿಕ ಪ್ರಿಂಟರ್, ಆಮೇಲೆ ಆತಿಥೇಯ ಗಣಕಯಂತ್ರ, ಕೊನೆಗೆ ಉಳಿದವು. ಲೇಸರ್ ಪ್ರಿಂಟರನ್ನು ಗಣಕಯಂತ್ರದ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು. ಟೋನರ್ ಕರಗಿಸುವ ಹೀಟರ್ ಒಮ್ಮೆಲೇ ಹೆಚ್ಚಿನ ವಿದ್ಯುತ್ ಎಳೆಯುವುದರಿಂದ ಯುಪಿಎಸ್ ಮುಗ್ಗರಿಸಿ, ಗಣಕಯಂತ್ರವೂ ಆರಿಹೋಗಬಹುದು.

ಸರದಿಯಲ್ಲಿ ಸಿಕ್ಕಿಬಿದ್ದ ಕಡತ

ಮುದ್ರಣಕ್ಕೆ ಕಳುಹಿಸಿದ ಕಡತ ನೇರವಾಗಿ ಪ್ರಿಂಟರ್‌ಗೆ ಹೋಗದೆ ‘ಸ್ಪೂಲರ್’ ಎಂಬ ಸೇವೆಯ ಸರದಿಯಲ್ಲಿ ನಿಲ್ಲುತ್ತದೆ. ಕೆಟ್ಟ ಕಡತವೊಂದು ಸರದಿಯ ತಲೆಯಲ್ಲಿ ಸಿಕ್ಕಿಕೊಂಡರೆ ಹಿಂದಿನವೆಲ್ಲ ಕಾಯುತ್ತವೆ. ಬಳಕೆದಾರರು ತಾಳ್ಮೆಗೆಟ್ಟು ಹತ್ತು ಬಾರಿ ಮುದ್ರಣದ ಆಜ್ಞೆ ನೀಡಿದರೆ, ದೋಷ ಸರಿಯಾದೊಡನೆ ಹತ್ತೂ ಪ್ರತಿಗಳು ಹೊರಬರುತ್ತವೆ.

ಸರದಿಯಿಂದ ಕಡತವನ್ನು ಅಳಿಸಲು ಆಗದಿದ್ದರೆ ವಿಂಡೋಸ್‌ನ ‘ಸರ್ವೀಸಸ್’ ಪಟ್ಟಿಯಲ್ಲಿ ‘ಪ್ರಿಂಟ್ ಸ್ಪೂಲರ್’ ಅನ್ನು ನಿಲ್ಲಿಸಬೇಕು. ಬಳಿಕ ಸಿ ಡ್ರೈವ್‌ನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಂ32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರನ್ನು ತೆರೆದು ಒಳಗಿರುವ ಕಡತಗಳನ್ನು ಅಳಿಸಬೇಕು. ಫೋಲ್ಡರನ್ನೇ ಅಳಿಸಬಾರದು. ನಂತರ ಸ್ಪೂಲರನ್ನು ಮತ್ತೆ ಆರಂಭಿಸಬೇಕು. ಹಂಚಿಕೆಯ ವ್ಯವಸ್ಥೆಯಲ್ಲಿ ಇದನ್ನು ಆತಿಥೇಯ ಗಣಕಯಂತ್ರದಲ್ಲಿ ಮಾಡಬೇಕು ಎಂಬುದು ಮುಖ್ಯ. ಇದರಿಂದ ಕಾಯುತ್ತಿರುವ ಎಲ್ಲರ ಕಡತಗಳೂ ಹೋಗುವುದರಿಂದ ಮೊದಲೇ ತಿಳಿಸುವುದು ಸೌಜನ್ಯ.

ಅನುಮತಿ ಮತ್ತು ಗುಪ್ತಪದ

ಪ್ರಿಂಟರ್ ಕಾಣುತ್ತದೆ, ಆದರೆ ‘ಅನುಮತಿ ಇಲ್ಲ’ ಎಂಬ ಸಂದೇಶ ಬರುತ್ತದೆ ಎನ್ನುವವರು ನಾಲ್ಕು ಸಂಗತಿಗಳನ್ನು ನೋಡಬೇಕು. ಆತಿಥೇಯ ಗಣಕಯಂತ್ರದ ಜಾಲ ‘ಪಬ್ಲಿಕ್’ ಎಂದಿದ್ದರೆ ‘ಪ್ರೈವೇಟ್’ ಮಾಡಿ, ಕಡತ ಮತ್ತು ಪ್ರಿಂಟರ್ ಹಂಚಿಕೆಯನ್ನು ಚಾಲನೆಗೊಳಿಸಬೇಕು. ಗುಪ್ತಪದವಿಲ್ಲದ ಖಾತೆಯ ಮೂಲಕ ಜಾಲದಲ್ಲಿ ಪ್ರವೇಶಿಸಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಮುದ್ರಣಕ್ಕೆಂದೇ ಗುಪ್ತಪದವಿರುವ ಪ್ರತ್ಯೇಕ ಖಾತೆ ತೆರೆಯುವುದು ಲೇಸು. ಆತಿಥೇಯ ಗಣಕಯಂತ್ರದ ಗುಪ್ತಪದ ಬದಲಾಗಿದ್ದರೆ ಉಳಿದ ಗಣಕಯಂತ್ರಗಳ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಕೊಡಬೇಕು. ಆತಿಥೇಯ ಗಣಕಯಂತ್ರ ಸರ್ವರ್ ಅಲ್ಲದ ಸಾಮಾನ್ಯ ವಿಂಡೋಸ್ ಆಗಿದ್ದರೆ ಅದಕ್ಕೆ ಏಕಕಾಲಕ್ಕೆ 20 ಸಾಧನಗಳಷ್ಟೇ ಸಂಪರ್ಕ ಹೊಂದಬಹುದು. ದೊಡ್ಡ ಕಚೇರಿಗಳಲ್ಲಿ ಬೆಳಗ್ಗೆ ಬಂದವರಿಗೆ ಮುದ್ರಣ ಸಿಕ್ಕು ತಡವಾಗಿ ಬಂದವರಿಗೆ ಸಿಗದಿರುವುದಕ್ಕೆ ಇದೂ ಒಂದು ಕಾರಣ.

2021ರ ನಂತರದ ತೊಡಕು

2021ರ ಜೂನ್ ಕೊನೆಯಲ್ಲಿ ವಿಂಡೋಸ್‌ನ ಸ್ಪೂಲರ್‌ನಲ್ಲಿ ಗಂಭೀರ ಲೋಪವೊಂದು ಬಹಿರಂಗವಾಯಿತು. ಜಾಲದ ಮೂಲಕ ಸ್ಪೂಲರನ್ನು ಬಳಸಿ ಇಡೀ ಗಣಕಯಂತ್ರದ ಹಿಡಿತ ಪಡೆಯಲು ಅದು ಅವಕಾಶ ನೀಡುತ್ತಿತ್ತು. ‘ಪ್ರಿಂಟ್‌ನೈಟ್‌ಮೇರ್’ ಎಂಬ ಹೆಸರು ಪಡೆದ ಈ ಲೋಪಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಜುಲೈನಲ್ಲಿ ತುರ್ತು ಪರಿಷ್ಕರಣೆ ನೀಡಿತು. ಬೆಂಬಲ ಮುಗಿದಿದ್ದ ವಿಂಡೋಸ್ 7ಕ್ಕೂ ಅದನ್ನು ಒದಗಿಸಲಾಯಿತು ಎಂದರೆ ಅದರ ಗಾಂಭೀರ್ಯ ಅರ್ಥವಾದೀತು. ಅದೇ ಆಗಸ್ಟ್‌ನಿಂದ, ಹಂಚಿಕೆಯ ಪ್ರಿಂಟರ್‌ನ ಡ್ರೈವರನ್ನು ಆಡಳಿತಾಧಿಕಾರವಿರುವ ಖಾತೆಯವರು ಮಾತ್ರ ಅಳವಡಿಸಬಹುದು ಎಂಬ ನಿಯಮ ಬಂದಿತು. ಮುದ್ರಣ ಸಂಪರ್ಕದ ಭದ್ರತೆಯನ್ನು ಬಿಗಿಗೊಳಿಸುವ ಮತ್ತೊಂದು ಬದಲಾವಣೆ ಸೆಪ್ಟೆಂಬರ್‌ನಲ್ಲಿ ಕಡ್ಡಾಯವಾಯಿತು. ‘11ಬಿ’ ಎಂದು ಕೊನೆಗೊಳ್ಳುವ ದೋಷಸಂಖ್ಯೆ ಕಚೇರಿಗಳಲ್ಲಿ ಕಾಣಿಸತೊಡಗಿದ್ದು ಆಗಲೇ. 2022ರಲ್ಲಿ ಬಂದ ವಿಂಡೋಸ್ 11ರ 22ಎಚ್2 ಆವೃತ್ತಿ ಮುದ್ರಣ ಸಂಪರ್ಕದ ವಿಧಾನವನ್ನೇ ಬದಲಿಸಿದ್ದರಿಂದ, ಹೊಸ ಮತ್ತು ಹಳೆಯ ಗಣಕಯಂತ್ರಗಳು ಬೆರೆತಿರುವ ಕಡೆ ‘709’ ದೋಷವೂ ಕಾಣಬಹುದು.

ಇದಕ್ಕೆ ಚಾಲ್ತಿಯಲ್ಲಿರುವ ಅಡ್ಡದಾರಿಗಳು ಎರಡು: ಭದ್ರತಾ ಪರಿಷ್ಕರಣೆಯನ್ನು ಕಿತ್ತುಹಾಕುವುದು, ಇಲ್ಲವೇ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಬದಲಿಸಿ ಭದ್ರತೆಯನ್ನು ಸಡಿಲಿಸುವುದು. ಎರಡರಿಂದಲೂ ಮುದ್ರಣ ಆರಂಭವಾಗುತ್ತದೆ. ಆದರೆ ಕಚೇರಿಯ ಲೆಕ್ಕಪತ್ರ, ವೇತನದ ವಿವರ, ಗ್ರಾಹಕರ ನಕ್ಷೆಗಳಿರುವ ಗಣಕಯಂತ್ರದ ಬಾಗಿಲೂ ತೆರೆದುಕೊಳ್ಳುತ್ತದೆ. ಒಂದು ಬಿಲ್ ಮುದ್ರಿಸಲು ತೆರಬಹುದಾದ ಬೆಲೆ ಇದಲ್ಲ.

ಸರಿಯಾದ ಮಾರ್ಗ ಹೀಗಿದೆ: ಆತಿಥೇಯ ಗಣಕಯಂತ್ರ ಮತ್ತು ಉಳಿದವುಗಳಿಗೆ ಎಲ್ಲ ಪರಿಷ್ಕರಣೆಗಳನ್ನೂ ಅಳವಡಿಸಬೇಕು. ತಯಾರಕರ ಹೊಸ ಡ್ರೈವರನ್ನು ಆಡಳಿತಾಧಿಕಾರದ ಖಾತೆಯಿಂದ ಪ್ರತಿ ಗಣಕಯಂತ್ರದಲ್ಲೂ ಮೊದಲೇ ಹಾಕಬೇಕು. ಸಾಧ್ಯವಾದರೆ ಹಂಚಿಕೆಯನ್ನು ಕೈಬಿಟ್ಟು ಪ್ರಿಂಟರನ್ನು ಐಪಿ ವಿಳಾಸದ ಮೂಲಕ ನೇರವಾಗಿ ಜೋಡಿಸಬೇಕು. ನೇರ ಜೋಡಣೆಯಲ್ಲಿ ಆತಿಥೇಯ ಗಣಕಯಂತ್ರವೇ ಇಲ್ಲದ್ದರಿಂದ ಈ ಎರಡು ದೋಷಸಂಖ್ಯೆಗಳ ಪ್ರಶ್ನೆಯೂ ಏಳುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ಆತಿಥೇಯವಾಗಿ ಇಟ್ಟುಕೊಂಡ ಕಚೇರಿಗಳು ಈ ಬದಲಾವಣೆಗೆ ಮೊದಲ ಆದ್ಯತೆ ನೀಡಬೇಕು.

ಸ್ಕ್ಯಾನ್ ಮಾಡಿದ ಕಡತವನ್ನು ಗಣಕಯಂತ್ರದ ಫೋಲ್ಡರ್‌ಗೆ ಕಳುಹಿಸುವ ಹಳೆಯ ಯಂತ್ರಗಳಿಗೂ ಇಂತಹದೇ ಕಷ್ಟವಿದೆ. ಅವು ಬಳಸುವ ಹಳೆಯ ಎಸ್‌ಎಂಬಿ 1 ವಿಧಾನವನ್ನು ವಿಂಡೋಸ್ 2017ರಿಂದ ಪೂರ್ವನಿಯೋಜಿತವಾಗಿ ಕೈಬಿಟ್ಟಿದೆ. ಅದನ್ನು ಮತ್ತೆ ತೆರೆಯುವ ಬದಲು ಯಂತ್ರದ ಫರ್ಮ್‌ವೇರ್ ಪರಿಷ್ಕರಿಸುವುದು ಅಥವಾ ಇ-ಮೇಲ್ ಮೂಲಕ ಸ್ಕ್ಯಾನ್ ಕಳುಹಿಸುವುದು ಸುರಕ್ಷಿತ.

ಅಕ್ಷರ ಕೆಟ್ಟರೆ

ಪುಟಗಟ್ಟಲೆ ಅರ್ಥವಿಲ್ಲದ ಚಿಹ್ನೆಗಳು ಬಂದರೆ ಡ್ರೈವರ್ ಮತ್ತು ಪ್ರಿಂಟರ್‌ನ ಭಾಷೆ ಹೊಂದುತ್ತಿಲ್ಲ ಅಥವಾ ಕಡತ ಅರ್ಧದಲ್ಲಿ ತುಂಡಾಗಿದೆ ಎಂದರ್ಥ. ಸರದಿ ಖಾಲಿ ಮಾಡಿ, ಪ್ರಿಂಟರನ್ನು ಆರಿಸಿ ಹಚ್ಚಿ ನೋಡಬೇಕು. ಮತ್ತೆ ಹಾಗೆಯೇ ಆದರೆ ಆ ಮಾದರಿಯ ಸರಿಯಾದ ಡ್ರೈವರನ್ನು ಅಳವಡಿಸಬೇಕು.

ಇಂಗ್ಲಿಷ್ ಸರಿಯಾಗಿದ್ದು ಕನ್ನಡ ಮಾತ್ರ ಕೆಟ್ಟಿದ್ದರೆ ಪ್ರಿಂಟರ್‌ಗೆ ದೋಷ ಹೊರಿಸಬಾರದು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಂದಲವೇ ಕಾಣುತ್ತದೆ. ಮುದ್ರಣವೂ ಹಾಗೆಯೇ ಬರುತ್ತದೆ. ಮೂಲ ಗಣಕಯಂತ್ರದಲ್ಲೇ ಪಿಡಿಎಫ್ ಮಾಡಿಕೊಂಡು ಮುದ್ರಿಸುವುದು ತಕ್ಷಣದ ಉಪಾಯ. ಯೂನಿಕೋಡ್‌ಗೆ ಬದಲಾಗುವುದು ಶಾಶ್ವತ ಉಪಾಯ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬಳಕೆಯಲ್ಲಿರುವ ಬೆಳಗಾವಿಯಂತಹ ಊರಿನಲ್ಲಿ ಒಂದೇ ಕಡತದಲ್ಲಿ ಮೂರನ್ನೂ ಇಡಲು ಯೂನಿಕೋಡ್ ಒಂದೇ ನಂಬಿಗಸ್ತ ದಾರಿ.

ಕಾರ್ಬನ್ ಪ್ರತಿ ಬೇಕಾದ ಕಡೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳು ಇಂದಿಗೂ ಉಳಿದಿವೆ. ಕಾಗದದ ಮೇಲೆ ಪೆಟ್ಟು ಬೀಳುವುದರಿಂದ ಅಡಿಯ ಪ್ರತಿಗಳೂ ಮೂಡುತ್ತವೆ. ಲೇಸರ್ ಮತ್ತು ಇಂಕ್‌ಜೆಟ್‌ಗಳಲ್ಲಿ ಇದು ಅಸಾಧ್ಯ. ಬರಿಯ ಪಠ್ಯದ ಡ್ರೈವರ್ ಬಳಸಿದರೆ ವೇಗ ಹೆಚ್ಚು, ಆದರೆ ಕನ್ನಡ ಮೂಡದು. ಕನ್ನಡ ಬೇಕಿದ್ದರೆ ಗ್ರಾಫಿಕ್ಸ್ ವಿಧಾನದ ಡ್ರೈವರ್ ಬೇಕು, ವೇಗ ತಗ್ಗುತ್ತದೆ.

ತಪ್ಪು ಪ್ರಿಂಟರ್, ಉದ್ದದ ತಂತಿ

ಲೆಕ್ಕಪತ್ರ ಕೊಠಡಿಯ ವೇತನ ಪಟ್ಟಿ ಗೇಟಿನ ಪ್ರಿಂಟರ್‌ನಲ್ಲಿ ಹೊರಬಂದರೆ ಅದು ಮುಜುಗರದ ಸಂಗತಿ. ವಿಂಡೋಸ್ 10 ಮತ್ತು 11ರಲ್ಲಿ, ಕೊನೆಯದಾಗಿ ಬಳಸಿದ ಪ್ರಿಂಟರನ್ನೇ ಮುಖ್ಯವೆಂದು ಪರಿಗಣಿಸುವ ಆಯ್ಕೆಯಿದೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಿ, ಮುಖ್ಯ ಪ್ರಿಂಟರನ್ನು ಕೈಯಾರೆ ನಿಗದಿಪಡಿಸಬೇಕು. ಪ್ರಿಂಟರ್‌ಗಳಿಗೆ ‘ಗೇಟ್’, ‘ಲೆಕ್ಕಪತ್ರ’, ‘ಉಗ್ರಾಣ’ ಎಂದು ಸ್ಥಳದ ಹೆಸರಿಡುವುದು ಇನ್ನೂ ಸರಳ.

ತಂತಿಯ ಉದ್ದಕ್ಕೂ ಮಿತಿಯಿದೆ. ಯುಎಸ್‌ಬಿ 2.0 ತಂತಿಗೆ 5 ಮೀಟರ್, ಲ್ಯಾನ್ ತಂತಿಗೆ 100 ಮೀಟರ್. ಕಚೇರಿಯಿಂದ ಗೇಟು ಅಥವಾ ತೂಕದ ಸೇತುವೆ ಅದಕ್ಕಿಂತ ದೂರವಿದ್ದರೆ ನಡುವೆ ಸ್ವಿಚ್ ಅಥವಾ ಆಪ್ಟಿಕಲ್ ಫೈಬರ್ ಬೇಕು. ದೊಡ್ಡ ಮೋಟಾರು ಹಾಗೂ ವೆಲ್ಡಿಂಗ್ ಯಂತ್ರಗಳ ವಿದ್ಯುತ್ ತಂತಿಯ ಜೊತೆಯಲ್ಲೇ ಲ್ಯಾನ್ ತಂತಿಯನ್ನು ಎಳೆಯಬಾರದು.

ಲಕ್ಷಣ ಮತ್ತು ಕಾರಣ: ಒಂದೇ ನೋಟದಲ್ಲಿ

- ವಿದ್ಯುತ್ ಹೋಗಿ ಬಂದ ಮೇಲೆ ಎಲ್ಲರಿಗೂ ಆಫ್‌ಲೈನ್: ಐಪಿ ವಿಳಾಸ ಬದಲಾಗಿದೆ.
- ಊಟದ ವಿರಾಮದ ನಂತರ ಯಾರಿಗೂ ಮುದ್ರಣವಿಲ್ಲ: ಆತಿಥೇಯ ಗಣಕಯಂತ್ರ ನಿದ್ರಾವಸ್ಥೆಯಲ್ಲಿದೆ.
- ಸರದಿಯಲ್ಲಿ ಕಡತ ಇದೆ, ಕಾಗದ ಬರುತ್ತಿಲ್ಲ: ಸ್ಪೂಲರ್ ಸಿಕ್ಕಿಕೊಂಡಿದೆ.
- ಒಬ್ಬರಿಗೆ ಮಾತ್ರ ‘ಅನುಮತಿ ಇಲ್ಲ’: ಹಳೆಯ ಗುಪ್ತಪದ.
- ‘11ಬಿ’ ಅಥವಾ ‘709’ ದೋಷ: ಪರಿಷ್ಕರಣೆಗಳ ಹೊಂದಾಣಿಕೆ ಇಲ್ಲ. ನೇರ ಐಪಿ ಜೋಡಣೆ ಉತ್ತಮ.
- ಮಳೆಗಾಲದಲ್ಲಿ ಪದೇ ಪದೇ ಕಾಗದ ಸಿಕ್ಕಿಕೊಳ್ಳುವುದು: ತೇವಗೊಂಡ ಕಾಗದ.

ಪ್ರಿಂಟರ್‌ನ ಐಪಿ ವಿಳಾಸ, ಮಾದರಿ ಸಂಖ್ಯೆ, ಆತಿಥೇಯ ಗಣಕಯಂತ್ರದ ಹೆಸರು ಮತ್ತು ವಿದ್ಯುತ್ ಬಂದ ಮೇಲೆ ಚಾಲೂ ಮಾಡುವ ಕ್ರಮ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು ಪ್ರಿಂಟರ್‌ನ ಪಕ್ಕದ ಗೋಡೆಗೆ ಅಂಟಿಸುವುದು ಒಳಿತು. ಗುಪ್ತಪದವನ್ನು ಮಾತ್ರ ಅಲ್ಲಿ ಬರೆಯಬಾರದು. ಗಣಕಯಂತ್ರದ ತಿಳಿವಳಿಕೆ ಇರುವ ಒಬ್ಬರು ರಜೆಯಲ್ಲಿದ್ದ ದಿನವೂ ಆ ಹಾಳೆಯ ನೆರವಿನಿಂದ ಉಳಿದವರು ದೋಷ ಹುಡುಕಬಹುದು.